ಮುಳುಗದ ಚುಕ್ಕೆಗಳು

ಜೂನ್ 2, ಸೋಮವಾರ

ಅಮ್ಮ ಟಿಫಿನ್ ಬಾಕ್ಸಿನ ಮುಚ್ಚಳ ಸಡಿಲವಾಗಿ ಮುಚ್ಚಿ, ಮೇಲೆ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟಳು. ಗಟ್ಟಿಯಾಗಿ ಮುಚ್ಚಿದರೆ ನನ್ನ ಕೈಲಿ ತೆಗೆಯಲಾಗುವುದಿಲ್ಲ. ನಾನು ಹೇಳಿರಲಿಲ್ಲ. ತಾನೇ ಕಂಡುಕೊಂಡಿದ್ದಾಳೆ.

ಕೀಮೋ ಎಲ್ಲ ಮುಗಿಸಿ ಮತ್ತೆ ಆಫೀಸು. ಹೊಸ ತಿಪ್ಪಸಂದ್ರದ ಮಾರ್ಕೆಟ್ ರೋಡ್, ಪಾತ್ರೆ ಅಂಗಡಿಯ ಮೇಲಿನ ಮಹಡಿ. ಅದೇ ಕಡಿದಾದ ಮೆಟ್ಟಿಲು. ನಡುವೆ ನಿಂತು ಉಸಿರು ತೆಗೆದುಕೊಂಡೆ. ಒಳಗೆ ಹೋದರೆ ನನ್ನ ಟೇಬಲ್ ಹಾಗೆಯೇ ಇದೆ. ಸಿಗ್ನಲ್ಲಿನ ಅಲೆ ತೋರಿಸುವ ಸ್ಕೋಪು, ಸೋಲ್ಡರಿಂಗ್ ಐರನ್, ಹಿಡಿ ಮುರಿದ ಮಗ್ಗು. ಧೂಳು ಕೂಡ ಇಲ್ಲ. ಯಾರೋ ದಿನಾ ಒರೆಸಿದ್ದಾರೆ.

ಕಂಪನಿ ರೇವತಿ ಮೇಡಂ ಅವರದು. ಹಲಸೂರಿನವರು, ಮಾತು ಕಡಿಮೆ. "ನಿನ್ನ ಜಾಗ ಯಾರಿಗೂ ಕೊಟ್ಟಿಲ್ಲಮ್ಮ. ಕೇಳಿದ್ರು. ಇಲ್ಲ ಅಂದ್ಬಿಟ್ಟೆ" ಅಂದರು. ಅಷ್ಟೇ. ಫೋನ್ ಬಂತು, ಹೋದರು.

ಸ್ಕೋಪಿನ ಹಿಂದೆ ಮುಖ ಇಟ್ಟುಕೊಂಡು ಸ್ವಲ್ಪ ಅತ್ತೆ. ಆಮೇಲೆ ಸ್ವಿಚ್ ಹಾಕಿದೆ.

ಜೂನ್ 5, ಗುರುವಾರ

ಊಟದ ಹೊತ್ತಿಗೆ ಅಮ್ಮ ಕೇಳಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ.

"ಅದೇನಮ್ಮಿ ನೀನು ಮಾಡೋದು? ಈ ಸ್ಥಿತೀಲೂ ಓಗ್ಬೇಕು ಅಂತೀಯಲ್ಲ?"

ಹೇಳಿದೆ. ಪೈಲಟ್ ಓಡಿಸುವ ಒಂದು ಸಣ್ಣ ವಿಮಾನ. ಅದರ ಹೊಟ್ಟೆಯಲ್ಲಿ ಕ್ಯಾಮೆರಾ. ಅದು ನೆಲದ ಫೋಟೋ ತೆಗೆಯುತ್ತಾ ಹೋಗುತ್ತದೆ. ಫೋಟೋ ಅಂದರೆ ಕೋಟಿಗಟ್ಟಲೆ ಚುಕ್ಕೆ. ಇದು ನೀರು, ಇದು ಪೈರು, ಇದು ಮಣ್ಣು, ಇದು ಮನೆ ಅಂತ ಒಂದೊಂದು ಚುಕ್ಕೆಗೂ ನಮ್ಮ ಸರ್ಕ್ಯೂಟ್ ಬೋರ್ಡ್ ಹೆಸರಿಡಬೇಕು. ವಿಮಾನ ಇಳಿಯುವುದರೊಳಗೆ ನಕ್ಷೆ ಕೈಯಲ್ಲಿರಬೇಕು.

"ನೀರು ಯಾವ್ದು ಮಣ್ಣು ಯಾವ್ದು ಅಂತ ನೋಡಿದ್ರೆ ತಿಳಿಯಾಕಿಲ್ವಾ? ಅದಕ್ಕೊಂದು ಮಿಷನ್ನು ಬೇಕಾ?"

"ಪ್ರವಾಹ ಬಂದಾಗ ಕೂತು ನೋಡೋಕೆ ಟೈಮ್ ಎಲ್ಲಿರತ್ತಮ್ಮ?"

ಅಮ್ಮ ಸಾರು ಬಡಿಸುತ್ತಾ ಯೋಚಿಸಿದಳು. "ಅಂಗಾದ್ರೆ ಓಗು."

ಅಪ್ಪಣೆ ಸಿಕ್ಕಿತು.

ಜೂನ್ 11, ಬುಧವಾರ

ಕೆಟ್ಟ ದಿನ. ಸ್ಕೋಪಿನ ಸೂಜಿಮೊನೆಯ ಪ್ರೋಬ್ ಕೈಯಿಂದ ಜಾರಿತು. ಮತ್ತೆ ಹಿಡಿದೆ. ಮತ್ತೆ ಜಾರಿತು. ಬೆರಳ ತುದಿಗಳಿಗೆ ಏನೂ ತಿಳಿಯುವುದಿಲ್ಲ — ಹಿಡಿದಿದ್ದೇನೋ ಬಿಟ್ಟಿದ್ದೇನೋ ಕಣ್ಣಲ್ಲಿ ನೋಡಿದರೇ ಗೊತ್ತು. ಔಷಧಿಯ ಪ್ರಭಾವ. ವಾಪಸ್ ಬರಬಹುದು, ಬರದೆಯೂ ಇರಬಹುದು ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಬೋರ್ಡಿನ ಮೇಲಿನ ಚಿಪ್ಪಿನ ಕಾಲುಗಳು ಕೂದಲೆಳೆಯಷ್ಟು. ಪ್ರೋಬ್ ತಪ್ಪಿ ಎರಡು ಕಾಲಿಗೆ ತಾಗಿದರೆ ಬೋರ್ಡೇ ಹೋಗುತ್ತದೆ.

ಮಾನಪ್ಪ ನೋಡುತ್ತಿದ್ದ. ಟೀಮಿನಲ್ಲಿ ನನ್ನ ಜೊತೆ ಡಿಸೈನ್ ಮಾಡುವವನು. ಭೀಮಾ ತೀರದ ಹುಡುಗ, ಕೆ.ಆರ್. ಪುರಂನಲ್ಲಿ ಬಾಡಿಗೆ ರೂಮು, ತಾಯಿ ಜೊತೆಗಿದ್ದಾರೆ. ಕುರ್ಚಿ ಎಳೆದುಕೊಂಡು ಬಂದು ಕೂತ.

"ಅಕ್ಕಾರ, ಎಲ್ಲಿ ಇಡ್ಬೇಕು ಹೇಳ್ರಿ. ನಾ ಇಡ್ತೀನಿ."

"ನಿನ್ನ ಕೆಲಸ?"

"ಇದೂ ನಮ್ದೇ ಕೆಲಸ ಅಲ್ಲೇನ್ರಿ?"

ನಾನು ಹೇಳಿದೆ, ಅವನು ಇಟ್ಟ. ಸಂಜೆವರೆಗೂ ಹಾಗೆಯೇ. ಇನ್ನೊಬ್ಬರ ಕೈಯಲ್ಲಿ ಅಳೆಯುವುದು ಕಷ್ಟ. ಆದರೆ ಬಾಯಿಬಿಟ್ಟು ಹೇಳಬೇಕಾದಾಗ ಯೋಚನೆ ಇನ್ನಷ್ಟು ನೇರವಾಗುತ್ತದೆ. ಇದು ಗೊತ್ತಿರಲಿಲ್ಲ.

ಜೂನ್ 16, ಸೋಮವಾರ

ಆಟೋ ಬೇಡ ಅಂದ ಮಾನಪ್ಪ. ಬೆಳಿಗ್ಗೆ ಹೊರಮಾವಿನ ನಮ್ಮ ಮನೆಗೆ ಬಂದು ಬೈಕಿನಲ್ಲಿ ಕರೆದುಕೊಂಡು ಹೋಗುತ್ತಾನೆ. ಅವನಿಗೆ ಸುತ್ತು. ಟಿನ್ ಫ್ಯಾಕ್ಟರಿ ಹತ್ತಿರದ ಟ್ರಾಫಿಕ್ ಜಾಮಿನಲ್ಲಿ ನಿಂತಾಗೆಲ್ಲ ಬೋರ್ಡಿನ ಮಾತೇ.

ಅವನ ತಾಯಿ ಜಟ್ಟೆಮ್ಮ ನನಗೂ ಜೋಳದ ರೊಟ್ಟಿ ಕಳಿಸುತ್ತಾರೆ, ಶೇಂಗಾ ಚಟ್ನಿ ಸಮೇತ. ಇದುವರೆಗೆ ಮುಖ ನೋಡಿಲ್ಲ. ನಾಲಿಗೆಗೆ ಮತ್ತೆ ರುಚಿ ಬಂದದ್ದು ಆ ಚಟ್ನಿಯಿಂದ. ಅಮ್ಮನಿಗೆ ಇದನ್ನು ಹೇಳಿಲ್ಲ. ಹೇಳಲೂ ಕೂಡದು.

ಜೂನ್ 24, ಮಂಗಳವಾರ

ತೊಂದರೆ ಇರುವುದು ಇಲ್ಲಿ. ಬೋರ್ಡ್ ತಣ್ಣಗಿದ್ದಾಗ ಸರಿ. ಬಿಸಿಯಾದರೆ ನಕ್ಷೆಯಲ್ಲಿ ಉದ್ದುದ್ದ ನೀಲಿ ಗೆರೆ. ನೀಲಿ ಅಂದರೆ ನೀರು. ನಾವು ಕೊಟ್ಟದ್ದು ಬೇಸಿಗೆಯ ಒಣ ಹೊಲದ ಫೋಟೋ!

ಪರೀಕ್ಷಾ ಹಾರಾಟ ಆಗಸ್ಟಿನಲ್ಲಿ. ಕೇಳಿರುವುದು ಕಲಬುರಗಿ ಕಡೆಯ ಒಂದು ನೆರೆ ಪರಿಹಾರ ಸಂಸ್ಥೆ. "ಇದೊಂದು ಕೈತಪ್ಪಿದ್ರೆ ನಮ್ಮ ಹತ್ರ ಬೇರೆ ಏನೂ ಇಲ್ಲಮ್ಮ" ಅಂದರು ಮೇಡಂ. ದನಿ ಏರಿಸಲಿಲ್ಲ. ಹೇಳಿ, ರಸೆಲ್ ಮಾರುಕಟ್ಟೆಯಿಂದ ತಂದ ಅಂಜೂರದ ಪೊಟ್ಟಣ ಮೇಜಿನ ಮೇಲಿಟ್ಟು ಹೋದರು.

ಬೋರ್ಡ್ ಬಿಸಿ ಮಾಡುವ ಪೆಟ್ಟಿಗೆ ನಮ್ಮಲ್ಲಿಲ್ಲ. ಮನೆಯಿಂದ ನನ್ನ ಹೇರ್ ಡ್ರೈಯರ್ ತಂದೆ. ತಲೆಯಲ್ಲಿ ಈಗಿರುವುದು ಬೆರಳಗಲದ ಕೂದಲು, ಅದಕ್ಕೆ ಟವೆಲ್ಲೇ ಸಾಕು. ಮಾನಪ್ಪ ಡ್ರೈಯರ್ ನೋಡಿದ, ನನ್ನ ತಲೆ ನೋಡಿದ, ಕೆಂಪಾದ. ನಾನೇ ನಕ್ಕೆ. ಆಮೇಲೆ ಅವನೂ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಗುವಾಗ ಆಪರೇಷನ್ ಆದ ಜಾಗ ಎಳೆಯಿತು. ಪರವಾಗಿಲ್ಲ.

ಜುಲೈ 3, ಗುರುವಾರ

ಸಿಕ್ಕಿತು!!

ಕ್ಯಾಮೆರಾದಿಂದ ಚಿಪ್ಪಿಗೆ ಬರುವ ತಂತಿಗೆರೆಗಳು ಹಲವು. ಎಲ್ಲವೂ ಒಂದೇ ಕ್ಷಣಕ್ಕೆ ತಲುಪಬೇಕು. ಬಿಸಿಯಾದಾಗ ಒಂದು ಮಾತ್ರ ಕೊಂಚ ತಡ. ಅದು ಹೊತ್ತು ತರುವುದು ಇನ್‌ಫ್ರಾರೆಡ್ ಅಳತೆಯ ದೊಡ್ಡ ಅಂಕಿ. ಕಣ್ಣಿಗೆ ಕಾಣದ ಆ ಬೆಳಕನ್ನು ನೀರು ನುಂಗಿಬಿಡುತ್ತದೆ, ನೆಲ ವಾಪಸ್ ಕಳಿಸುತ್ತದೆ. ಬೋರ್ಡಿಗೆ ನೀರು ಗೊತ್ತಾಗುವುದೇ ಹಾಗೆ. ಆ ಅಂಕಿ ತಪ್ಪಿಹೋದರೆ ನೆಲವೂ ಕಪ್ಪು. ಒಣ ಹೊಲವೂ ಕೆರೆ.

ನಮ್ಮದು ಕೋಡ್ ಬರೆದು ಒಳಗಿನ ಸರ್ಕ್ಯೂಟ್ ಬದಲಿಸಬಹುದಾದ ಚಿಪ್ಪು. ಈಗ ಅದರೊಳಗೆ ಒಂದು ಸಣ್ಣ ಸರ್ಕ್ಯೂಟ್ ಸೇರಿಸಬೇಕು. ಯಾವ ಗೆರೆ ಎಷ್ಟು ಹಿಂದೆ ಬಿದ್ದಿದೆ ಅಂತ ಆಗಾಗ ಅಳೆದು, ಉಳಿದವನ್ನು ಅಷ್ಟೇ ತಡೆದು ನಿಲ್ಲಿಸಬೇಕು. ವೇಗ ಕಡಿಮೆಯಾಗದೆ.

ಮಾನಪ್ಪ ಕೆಳಗಿನ ಅಂಗಡಿಯವರಿಗೂ ಟೀ ಕೊಡಿಸಿದ. ಅವರಿಗೆ ಯಾಕೆ ಅಂತ ಗೊತ್ತಿಲ್ಲ. ಕುಡಿದರು.

ನಾಳೆಯಿಂದ ಬರೆಯಲು ಶುರು. ಸಂಜೆಯಿಂದ ಯಾಕೋ ಮೈ ಬೆಚ್ಚಗಿದೆ.

ಜುಲೈ 26, ಶನಿವಾರ

ನ್ಯುಮೋನಿಯಾ. ಆಸ್ಪತ್ರೆ. ಈಗ ಮನೆ. ಅಕ್ಷರ ಇನ್ನೂ ಸೊಟ್ಟಗಿದೆ.

ಹೆದರಿದ್ದೆ. ಇಷ್ಟೆಲ್ಲ ದಾಟಿ ಬಂದು, ಒಂದು ಕೆಮ್ಮಿಗೆ ಹೋಗುತ್ತೇನೇನೋ ಅಂತ. ಅಮ್ಮ ಮಂಚದ ಪಕ್ಕ ನೆಲದ ಮೇಲೆ ಮಲಗುತ್ತಿದ್ದಳು. ಒಂದು ಕೈ ಮೇಲೆತ್ತಿ ನನ್ನ ಪಾದ ಹಿಡಿದುಕೊಂಡು. ಪಾದಕ್ಕೂ ಸ್ಪರ್ಶ ಸರಿಯಾಗಿ ತಿಳಿಯದು. ಆದರೂ ಅವಳು ಕೈ ತೆಗೆದರೆ ಎಚ್ಚರವಾಗುತ್ತಿತ್ತು.

ಸರ್ಕ್ಯೂಟ್ ಮಾನಪ್ಪನೇ ಬರೆದು ಮುಗಿಸಿದ್ದಾನೆ. ಇವತ್ತು ಲ್ಯಾಪ್‌ಟಾಪ್ ತಂದು ತೋರಿಸಿದ. ಡ್ರೈಯರ್ ಹಿಡಿದರೂ ಒಂದು ನೀಲಿ ಗೆರೆ ಇಲ್ಲ. ಫೈಲಿನ ಮೇಲ್ಗಡೆ ಮಾಡಿದವರ ಹೆಸರು ಇರುತ್ತದೆ. ನನ್ನದನ್ನೇ ಮೊದಲು ಹಾಕಿದ್ದಾನೆ.

"ಬರೆದೋನು ನೀನು ಮಾನಪ್ಪ."

"ಕೈ ನಂದ್ರಿ ಅಕ್ಕಾರ. ಏನ್ ಬರೀಬೇಕಂತ ಹೇಳ್ದೋರು ನೀವು."

ವಾದ ಮಾಡಿದೆ. ಹೆಸರು ತೆಗೆಯಲಿಲ್ಲ.

ಸೆಪ್ಟೆಂಬರ್‌ವರೆಗೆ ಪ್ರಯಾಣ ಕೂಡದು ಅಂದಿದ್ದಾರೆ ಡಾಕ್ಟರ್. ಆಗಸ್ಟಿನ ಹಾರಾಟಕ್ಕೆ ಅವನೊಬ್ಬನೇ.

ಆಗಸ್ಟ್ 18, ಸೋಮವಾರ

ಮಾನಪ್ಪ ಕಲಬುರಗಿಯಲ್ಲಿದ್ದಾನೆ. ಪರೀಕ್ಷಾ ಹಾರಾಟ ರದ್ದು. ಮೇಲಿನ ಡ್ಯಾಮುಗಳಿಂದ ನೀರು ಬಿಟ್ಟಿದ್ದಾರೆ, ಭೀಮಾ ಉಕ್ಕಿದೆ. ಈಗ ಹಾರುವುದು ಪರೀಕ್ಷೆಗಲ್ಲ, ನಿಜಕ್ಕೇ. ಮೋಡ ಸರಿದ ಕೂಡಲೇ.

ಅವನ ಸೋದರಮಾವ ನದಿ ದಂಡೆಯ ಊರಿನಲ್ಲಿದ್ದಾರೆ. ಫೋನ್ ಸಿಗುತ್ತಿಲ್ಲ. ಜಟ್ಟೆಮ್ಮ ಕೆ.ಆರ್. ಪುರಂನ ರೂಮಿನಲ್ಲಿ ಒಬ್ಬರೇ. ಅಮ್ಮ ಆಟೋ ಹಿಡಿದು ಹೋಗಿ ಕರೆದುಕೊಂಡು ಬಂದಳು. ಇಬ್ಬರೂ ಈಗ ಅಡುಗೆಮನೆಯಲ್ಲಿ. ಇವರ ಕನ್ನಡ ಅವರಿಗೆ ಅರ್ಧ, ಅವರದು ಇವರಿಗೆ ಅರ್ಧ. ಜೋರಾಗಿ ಮಾತಾಡಿದರೆ ತಿಳಿಯುತ್ತದೆ ಅಂದುಕೊಂಡಿದ್ದಾರೆ.

ಆಗಸ್ಟ್ 20, ಬುಧವಾರ, ಮಧ್ಯಾಹ್ನ

ಸುಮ್ಮನೆ ಕೂರಲಾಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ವಿಮಾನ ಹೋಗಿ ಬಂತು. ಇಳಿಯುವಷ್ಟರಲ್ಲಿ ನಕ್ಷೆ ತಯಾರು. ಸೋದರಮಾವನ ಊರಿನ ಶಾಲೆಯ ಸುತ್ತ ಇನ್ನೂ ಒಣ ನೆಲ ಇದೆ. ಜನ ಅಲ್ಲಿದ್ದಾರೆ, ಅನ್ನ ಇದೆ, ಹಗ್ಗ ಹಿಡಿದು ನೀರು ದಾಟಿ ಒಬ್ಬ ಬಂದು ಹೇಳಿದ್ದಾನೆ. ಜಟ್ಟೆಮ್ಮ ಕುಸಿದು ಕೂತು ಅತ್ತರು. ಅಮ್ಮನೂ ಜೊತೆಗೆ.

ಆಮೇಲೆ ಮಾನಪ್ಪನ ಇನ್ನೊಂದು ಫೋನ್.

"ಅಕ್ಕಾರ, ನದಿಗೂ ಹಳ್ಳಕ್ಕೂ ನಡುವ ನೀರಾಗ ಒಂದು ತುಣುಕು ಮಣ್ಣು ತೋರಿಸ್ಲಕತ್ತದ. ಅದರಾಗ ನಾಕೈದು ಚುಕ್ಕಿ 'ಮನೆ'. ಅಲ್ಲಿ ಊರೇ ಇಲ್ಲ ಅಂತಾರ. ಇಲ್ಲಿ ಬೋಟ್ ಒಂದೇ ಅದ. ಅದು ಶಾಲಿ ಕಡಿ ಹೊಂಟದ."

ಆ ತುಣುಕಿನ ಮೂಲ ಅಂಕಿಗಳನ್ನು ಕಳಿಸು ಅಂದೆ. ಬಂದವು. ನೋಡಿದೆ. ಮತ್ತೆ ನೋಡಿದೆ. ಅಷ್ಟರಲ್ಲಿ ಅಲ್ಲಿನ ಅಧಿಕಾರಿಯೇ ಫೋನ್ ತೆಗೆದುಕೊಂಡರು. ಕೋಪದ ದನಿ ಅಲ್ಲ, ದಣಿದ ದನಿ.

"ಮೇಡಂ, ನಿಮ್ಮ ಮಷೀನಿಗೆ ತಪ್ಪೇ ಆಗೋದಿಲ್ಲ ಅಂತ ಹೇಳ್ತೀರಾ?"

"ಆಗತ್ತೆ ಸರ್. ಆದರೆ ಈ ಥರ ಆಗಲ್ಲ."

"ಅಂದ್ರೆ?"

"ನಮ್ಮ ಬೋರ್ಡ್ ಕೆಟ್ಟಾಗ ನೆಲವನ್ನ ನೀರು ಅಂತಿತ್ತು. ನೀರನ್ನ ನೆಲ ಅಂದಿದ್ದು ಒಂದು ಸಲಾನೂ ಇಲ್ಲ. ಮತ್ತೆ ಆ ತಪ್ಪು ಯಾವಾಗಲೂ ನೇರ ಗೆರೆ. ಇದರ ಅಂಚು ಒರಟಾಗಿದೆ. ಎಲ್ಲಾ ಅಳತೆಗಳೂ ಒಂದನ್ನೇ ಹೇಳ್ತಿವೆ. ಅಲ್ಲಿ ಎತ್ತರದ ನೆಲ ಇದೆ. ಅದರ ಮೇಲೆ ಸುಟ್ಟ ಹಂಚೋ ಇಟ್ಟಿಗೆಯೋ ಇದೆ."

ಅವರ ಹಿಂದೆ ಯಾರೋ ಕೂಗಾಡುತ್ತಿದ್ದರು, ಎಂಜಿನ್ ಸದ್ದು.

"ಜನ ಇದ್ದಾರಾ?"

"ಅದು ನನಗೆ ಕಾಣಲ್ಲ ಸರ್. ಶಾಲೆಯವರು ಕಾಯಬಲ್ಲರು. ಇಲ್ಲಿ ಯಾರಾದರೂ ಇದ್ದರೆ, ನೀರು ಇನ್ನೂ ಏರ್ತಾ ಇದೆ."

"ನಿಮ್ಮ ಮಾತಿನ ಮೇಲೆ ಕಳಿಸ್ತೀನಿ" ಅಂದರು. ಲೈನ್ ಕಟ್ಟಾಯಿತು.

ನನ್ನ ಮಾತಿನ ಮೇಲೆ... ಮಾನಪ್ಪನ ಸೋದರಮಾವನ ಊರಿಗೆ ಹೋಗಬೇಕಿದ್ದ ಬೋಟು. ಅಡುಗೆಮನೆಗೆ ಹೋಗಿ ಜಟ್ಟೆಮ್ಮನವರಿಗೆ ಹಾಗೆಯೇ ಹೇಳಿದೆ. ಮುಚ್ಚಿಡಲು ಮನಸ್ಸು ಬರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನೇ ನೋಡಿದರು.

"ಚಲೋ ಮಾಡ್ದಿ ಯವ್ವಾ. ನಮ್ಮೋರು ಉಂಡು ಕುಂತಾರ. ಮೊದ್ಲು ಅಲ್ಲಿಗಿ ಹೋಗ್ಲಿ."

ಕಾಯುತ್ತಿದ್ದೇನೆ. ಯಾರೂ ಇಲ್ಲದಿದ್ದರೆ? ಬರೀ ಕಲ್ಲುಗುಡ್ಡೆಯಾಗಿದ್ದರೆ?

ಅದೇ ದಿನ, ರಾತ್ರಿ

ಇದ್ದರು.

ಇಟ್ಟಿಗೆ ಭಟ್ಟಿ. ಬೇರೆ ಕಡೆಯಿಂದ ಕೆಲಸಕ್ಕೆ ಬಂದವರು, ಹೆಂಗಸರು, ಮಕ್ಕಳು, ಒಬ್ಬ ಮುದುಕ. ಇಟ್ಟಿಗೆ ರಾಶಿಯ ಮೇಲೆ ಕೂತಿದ್ದರಂತೆ. ಫೋನುಗಳು ಸತ್ತಿದ್ದವು. ಊರಿನವರಲ್ಲ, ಹಾಗಾಗಿ ಅವರು ಕಾಣುತ್ತಿಲ್ಲ ಅಂತ ಕೇಳುವವರೇ ಇರಲಿಲ್ಲ. ಎರಡು ಸಲ ಹೋಗಿ ಬಂತು ಬೋಟು. ಎಲ್ಲರೂ ಬಂದರು. ಕತ್ತಲಾಗುವುದರೊಳಗೆ ಶಾಲೆಯ ಕಡೆಗೂ ಹೋಯಿತು.

ಮಾನಪ್ಪನ ಫೋನ್. "ಅಕ್ಕಾರ... ಅಕ್ಕಾರ..." ಅಷ್ಟೇ. ಫೋನನ್ನು ಅವನ ತಾಯಿಗೆ ಕೊಟ್ಟುಬಿಟ್ಟೆ.

ರೇವತಿ ಮೇಡಂ ಹಲಸೂರಿನಿಂದ ಮನೆಗೇ ಬಂದರು. ಮೊದಲ ಸಲ. ಚಪ್ಪಲಿ ಬಿಟ್ಟವರೇ ನೇರ ಒಳಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡು ಕೂತರು. ತುಂಬಾ ಹೊತ್ತು. ಕಾಫಿ ಆರಿತು. ಹೊರಡುವಾಗ ಹೇಳಿದರು, "ನಿನ್ನ ಜಾಗ ಇಟ್ಟುಕೊಂಡಿದ್ದು ನಿನಗೋಸ್ಕರ ಅಲ್ಲ ಯಮುನಾ, ತಿಳ್ಕೊ. ನನಗೋಸ್ಕರ."

ದೇವರ ಮನೆಗೆ ಹೋಗಿ ಕೂತೆ. ಏನೂ ಕೇಳಲು ತೋಚಲಿಲ್ಲ.

ಆಗಸ್ಟ್ 23, ಶನಿವಾರ

ಜಟ್ಟೆಮ್ಮ ಇನ್ನೂ ಇಲ್ಲೇ. ಅಮ್ಮ ಕಳಿಸುತ್ತಿಲ್ಲ. ರೊಟ್ಟಿ ತಟ್ಟುವುದನ್ನು ಕಲಿಯುತ್ತಿದ್ದಾಳೆ, ಈ ವಯಸ್ಸಿನಲ್ಲಿ. ಚಟ್ನಿಯ ವಿಷಯ ಗೊತ್ತಾಗಿಹೋಯಿತು. "ನನ್ನ ಸಾರಿಗೆ ಬರ್ದೇ ಇದ್ದ ರುಚಿ!" ಅಂತ ಇಡೀ ದಿನ ಮುಖ ಊದಿಸಿಕೊಂಡಿದ್ದಳು. ಸಂಜೆ ತಾನೇ ಶೇಂಗಾ ಹುರಿದಳು.

ಸೆಪ್ಟೆಂಬರ್ 9, ಮಂಗಳವಾರ

ಡಾಕ್ಟರ್ ಒಪ್ಪಿದರು. ಹೋಗಬಹುದು, ಮಾಸ್ಕ್ ಹಾಕಿಕೊಂಡು. ಬೆರಳುಗಳು ಹಾಗೆಯೇ ಇವೆ. ಇನ್ನು ಹೀಗೇ ಇರಬಹುದು ಅಂದರು. ಸರಿ. ಕೆಲಸ ನಡೆಯುವ ದಾರಿ ಸಿಕ್ಕಿದೆ.

ನೀರು ಇಳಿದಿದೆ. ಎಷ್ಟು ಪೈರು ಉಳಿದಿದೆ ಅಂತ ನೋಡಲು ಮತ್ತೊಂದು ಹಾರಾಟ. ಮಾನಪ್ಪ ಕಲಬುರಗಿಗೆ ಟಿಕೆಟ್ ಎರಡು ಮಾಡಿಸಿಬಿಟ್ಟಿದ್ದ, ನನ್ನನ್ನು ಕೇಳುವ ಮೊದಲೇ.

ಸೆಪ್ಟೆಂಬರ್ 12, ಶುಕ್ರವಾರ, ವಿಮಾನದಲ್ಲಿ

ಪೆನ್ನು ಕುಣಿಯುತ್ತಿದೆ. ಇಷ್ಟು ಸಣ್ಣ ವಿಮಾನ ಅಂದುಕೊಂಡಿರಲಿಲ್ಲ. ಬೋರ್ಡ್ ಕಾಲಿನ ಹತ್ತಿರವೇ, ಹಸಿರು ದೀಪ, ಬಿಸಿ ಏರುತ್ತಿದೆ, ನಕ್ಷೆಯಲ್ಲಿ ಒಂದು ಗೆರೆಯೂ ಇಲ್ಲ.

ಕೆಳಗೆ ಭೀಮಾ. ಅಂಕಿಗಳಲ್ಲಿ ಎಷ್ಟು ಸಲ ನೋಡಿದ್ದೆ! ಮಣ್ಣಿನ ಬಣ್ಣದ ನೀರು, ನಿಧಾನವಾಗಿ, ಏನೂ ಮಾಡಿಯೇ ಇಲ್ಲವೆಂಬಂತೆ ಹೋಗುತ್ತಿದೆ. ದಂಡೆಯಲ್ಲಿ ಅಲ್ಲಲ್ಲಿ ಹಸಿರು ಉಳಿದಿದೆ. ಉಳಿದಿದೆ.

ಪರದೆ ನೋಡಬೇಕಾದವಳು ಕಿಟಕಿಗೇ ಅಂಟಿಕೊಂಡಿದ್ದೇನೆ. ಮಾನಪ್ಪ ನಗುತ್ತಿದ್ದಾನೆ. ತಿರುವು ತೆಗೆದುಕೊಳ್ಳುತ್ತಿದ್ದೇವೆ. "ಅಕ್ಕಾರ, ಬಲಕ್ಕ, ಬಲಕ್ಕ ನೋಡ್ರಿ!" ಭಟ್ಟಿ. ಮತ್ತೆ ಹೊಗೆ ಬರುತ್ತಿದೆ. ಪಕ್ಕದಲ್ಲಿ ಜನ, ತಲೆಯೆತ್ತಿ ನಿಂತಿದ್ದಾರೆ, ಯಾರೋ ಒಬ್ಬಳು ಸೆರಗು ಬೀಸುತ್ತಾ ಓಡಿ ಬರುತ್ತಿದ್ದಾಳೆ.