ನೀಲಿ ಬಂದ ಭಾನುವಾರಗಳು

ಹುಣಸೂರು
೨೦-೮-೧೯೭೮, ಭಾನುವಾರ

ಪ್ರೀತಿಯ ಬಸವರಾಜು ಭಾವನವರಿಗೆ, ನಿಮ್ಮ ಪುಟ್ಟಮಲ್ಲಪ್ಪನ ನಮಸ್ಕಾರಗಳು.

ನಾವಿಬ್ಬರೂ ಇದ್ದ ಹಾಗೇ ಇದ್ದೇವೆ. ಸರಗೂರಿನಲ್ಲಿ ನೀವೆಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿಮ್ಮ ಕಾಗದ ಬಂದು ಒಂದು ತಿಂಗಳೇ ಆಯಿತು. ಉತ್ತರವಿಲ್ಲವೆಂದು ಬಯ್ದುಕೊಂಡಿರುತ್ತೀರಿ, ಬಯ್ಯಿರಿ. ಮೂರು ಸಲ ಬರೆಯಲು ಕುಳಿತೆ, ಮೂರು ಸಲವೂ ಹರಿದು ಹಾಕಿದೆ. ದವಾಖಾನೆಯ ಲ್ಯಾಬಿನಲ್ಲಿ ಮೂವತ್ತು ವರ್ಷ ಊರಿನವರ ರಕ್ತ, ಮೂತ್ರ ನೋಡಿ ಒಂದೊಂದೇ ಪದದಲ್ಲಿ ರಿಪೋರ್ಟ್ ಬರೆದವನು ನಾನು. ಎರಡು ಪುಟ ಬರೆಯುವುದು ನನಗೆ ರೂಢಿಯಿಲ್ಲ.

ಇಲ್ಲಿ ಈಗ ಹೊಗೆಸೊಪ್ಪು ಬೇಯಿಸುವ ಕಾಲ. ಗಾಳಿ ಬೀಸಿದರೆ ಮನೆಯೆಲ್ಲ ಅದೇ ವಾಸನೆ. ನಿಮ್ಮ ತಂಗಿ ಜಗಲಿಯಲ್ಲಿ ನನ್ನ ಪಕ್ಕದಲ್ಲೇ ಕುಳಿತು ಕಡಲೆಕಾಯಿ ಸುಲಿಯುತ್ತಿದ್ದಾಳೆ. ಕೆಟ್ಟ ಬೀಜ ಸಿಕ್ಕಿದರೆ ಬೆರಳಿಗೇ ಗೊತ್ತಾಗುತ್ತದೆ, ಬೇರೆ ಇಡುತ್ತಾಳೆ. ಕಣ್ಣಿಗೆ ಈಗ ಬೆಳಕು, ಕತ್ತಲೆ ಮಾತ್ರ ತಿಳಿಯುತ್ತದೆ. ಬಾಗಿಲಿಗೆ ಯಾರಾದರೂ ಅಡ್ಡ ಬಂದರೆ "ಯಾರು" ಎನ್ನುತ್ತಾಳೆ. "ಅಣ್ಣಂಗೆ ಬರೀತಿದ್ದೀರಾ? ಕಾಲು ತೋರಿಸ್ಕೊಳಕ್ಕೆ ಬೇಗ ಬಾ ಅಂತ ಬರೀರಿ. ಅವನು ಹೇಳುದ್ರೆ ಕೇಳೋನಲ್ಲ, ಗದರಿಸೇ ಬರೀರಿ" ಎಂದಳು. ನಿಮ್ಮನ್ನು ಗದರಿಸುವ ಧೈರ್ಯ ನನಗೆಲ್ಲಿದೆ? ಬರೆದಿದ್ದೇನೆ ಅಷ್ಟೆ.

ಇದೇ ಸುನಂದ ಒಂದು ಕಾಲದಲ್ಲಿ ಹೇಗಿದ್ದಳು, ನೆನಪಿದೆಯೇ? ಹೆಣ್ಣು ನೋಡಲು ಸರಗೂರಿಗೆ ಬಂದ ದಿನ ನೀವು ನನ್ನನ್ನು ಕಪಿಲೆಯ ದಡಕ್ಕೆ ಕರೆದುಕೊಂಡು ಹೋಗಿದ್ದಿರಿ. ನೀರು ತರುವ ನೆಪ ಮಾಡಿಕೊಂಡು ಅವಳೂ ಬಂದಿದ್ದಳು. ಆಚೆ ದಡದಲ್ಲಿ ಹರಿಗೋಲು ಹತ್ತುತ್ತಿದ್ದವರನ್ನು ಈ ದಡದಿಂದಲೇ ಒಬ್ಬೊಬ್ಬರಾಗಿ ಹೆಸರು ಹಿಡಿದು ಹೇಳಿದಳು. ನನಗೆ ಕಂಡದ್ದು ಬರೀ ತಲೆಗಳು. ಹರಿಗೋಲು ಹತ್ತಿರ ಬಂದಾಗ ನೋಡಿದರೆ ಒಂದು ಹೆಸರೂ ತಪ್ಪಿರಲಿಲ್ಲ. "ಲ್ಯಾಬಿನಲ್ಲಿ ಇವಳನ್ನೇ ಕೂರಿಸಬಹುದು, ಮೈಕ್ರೋಸ್ಕೋಪು ಬೇಡ" ಎಂದು ನಾನು ಅಂದದ್ದಕ್ಕೆ ನೀವು ನಕ್ಕಿದ್ದಿರಿ. ಆ ನಗುವಿನಲ್ಲೇ ನನ್ನ ಮದುವೆ ನಿಶ್ಚಯವಾಯಿತೆಂದು ನಾನು ಈಗಲೂ ಹೇಳುತ್ತೇನೆ.

ಅರವತ್ತಾರರಲ್ಲಿ ಅವಳಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತಲ್ಲ, ಅಲ್ಲಿಂದ ನಮ್ಮ ಮನೆಯಲ್ಲಿ ಭಾನುವಾರದ ಕ್ರಮವೊಂದು ಶುರುವಾಯಿತು. ನನಗೆ ರಜ ಅವತ್ತೇ. ಬೆಳಗ್ಗೆ ಎದ್ದು ಸ್ಪಿರಿಟ್ ದೀಪ ಹಚ್ಚುತ್ತಿದ್ದೆ. ಗಾಜಿನ ನಳಿಗೆಯಲ್ಲಿ ನೀಲಿ ದ್ರಾವಣ, ಅದಕ್ಕೆ ಎಂಟು ಹನಿ ಮೂತ್ರ, ಎರಡು ನಿಮಿಷ ಕುದಿ. ಸಕ್ಕರೆ ಇದ್ದರೆ ನೀಲಿ ಹೋಗಿ ಹಸಿರಾಗುತ್ತದೆ, ಹೆಚ್ಚಿದ್ದರೆ ಹಳದಿ, ತೀರಾ ಹೆಚ್ಚಿದ್ದರೆ ಇಟ್ಟಿಗೆ ಬಣ್ಣ. ಅವಳದು ಯಾವಾಗಲೂ ನೀಲಿ. ಪಂಚೆಗೆ ನೀಲಿ ಹಾಕಿದ ನೀರಿನ ಹಾಗೆ ತಿಳಿಯಾಗಿ ನಿಂತಿರುತ್ತಿತ್ತು. ಬಾಗಿಲಲ್ಲಿ ನಿಂತು "ಏನು ಬಂತ್ರೀ?" ಎಂದು ಕೇಳುವಳು. ನಾನು ಬೇಕೆಂದೇ ಸ್ವಲ್ಪ ಹೊತ್ತು ಮುಖ ಬಿಗಿದುಕೊಂಡಿದ್ದು ಆಮೇಲೆ ನಳಿಗೆ ಎತ್ತಿ ತೋರಿಸುತ್ತಿದ್ದೆ. ನೀಲಿ ಬಂದ ಭಾನುವಾರ ಸಾಯಂಕಾಲ ಇಬ್ಬರೂ ಲಕ್ಷ್ಮಣತೀರ್ಥದ ಸೇತುವೆಯವರೆಗೆ ನಡೆದುಹೋಗುವುದು, ಬರುವಾಗ ಒಂದು ಮೊಳ ಮಲ್ಲಿಗೆ ತರುವುದು ಎಂದಾಯಿತು. ಎಂಟು ವರ್ಷ ಆ ಸೇತುವೆಗೆ ನಡೆದೆವು. ನನ್ನ ಜೀವನದಲ್ಲಿ ಅಂಥ ಸುಖದ ದಿನಗಳು ಬೇರೆ ಇಲ್ಲ ಭಾವ.

ಆಮೇಲೆ ಎಪ್ಪತ್ತನಾಲ್ಕರಲ್ಲಿ ಏನಾಯಿತೆಂಬುದನ್ನು ನಿಮಗೆ ಅರ್ಧ ಮಾತ್ರ ಹೇಳಿದ್ದೆ. ಕಣ್ಣ ಮುಂದೆ ಕಪ್ಪು ನೂಲು ತೇಲುತ್ತದೆ ಎಂದಳು. ಮೈಸೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ಕಣ್ಣೊಳಗೆ ಬೆಳಕು ಬಿಟ್ಟು ನೋಡಿದರು, ರಕ್ತ ತೆಗೆಸಿದರು. ರಕ್ತದಲ್ಲಿ ಯೂರಿಯ ಏರಿತ್ತು. ಕಣ್ಣಿನ ಹಿಂದಿನ ಸಣ್ಣ ರಕ್ತನಾಳಗಳು ಸೋರಿದ್ದವು, ಮೂತ್ರಪಿಂಡದವೂ ಕೆಟ್ಟಿವೆ ಎಂದರು. ದೊಡ್ಡ ನಾಳ ಕೆಟ್ಟರೆ ನೋವಾಗುತ್ತದಂತೆ, ಇವು ಸದ್ದಿಲ್ಲದೆ ಹೋಗುತ್ತವಂತೆ. ನಾನು ಹೆಮ್ಮೆಯಿಂದ ನನ್ನ ನೋಟ್‌ಬುಕ್ ಮುಂದಿಟ್ಟೆ. ಅವರು ಹಾಳೆ ತಿರುವುತ್ತಾ ಹೋದರು. ಎಂಟು ವರ್ಷ, ಪ್ರತಿ ಭಾನುವಾರ, ನೀಲಿ. "ಈ ಪುಸ್ತಕ ನಿಜವಾದರೆ ಈ ಕಣ್ಣು ಹೀಗಿರಬಾರದು" ಎಂದರು.

ಆಗ ನಿಮ್ಮ ತಂಗಿ ತಲೆ ತಗ್ಗಿಸಿ ಹೇಳಿದಳು: "ಶನಿವಾರ ನಾನು ಉಣ್ತಿರಲಿಲ್ಲ ಸಾರ್."

ನಮ್ಮ ಕಡೆ ಒಪ್ಪತ್ತು ಇರುವುದು ಸೋಮವಾರ, ನಿಮಗೆ ಗೊತ್ತೇ ಇದೆ. ಇವಳು ಪರೀಕ್ಷೆ ಶುರುವಾದ ಮೇಲೆ ಶನಿವಾರವನ್ನೂ ಹಿಡಿದಿದ್ದಳು. ಕೇಳಿದ್ದಕ್ಕೆ ಬಿಳಿಕೆರೆ ಅತ್ತೆಯ ಹರಕೆ ಎಂದಿದ್ದಳು. ಒಪ್ಪತ್ತು ಎಂಬುದು ಹೆಸರಿಗೆ, ಒಂದು ಲೋಟ ನೀರುಮಜ್ಜಿಗೆಯಲ್ಲೇ ದಿನ ನೂಕುತ್ತಿದ್ದಳು. ಉಳಿದ ದಿನ ಬೆಲ್ಲದ ಕಾಫಿ, ಕೆ.ಆರ್. ನಗರದ ಅಚ್ಚು ಬೆಲ್ಲ ರಾಗಿಹಿಟ್ಟಿನ ಡಬ್ಬಿಯೊಳಗೆ. ನೀವು ಕಳಿಸುತ್ತಿದ್ದ ಕಾಡುಜೇನೂ ಅಲ್ಲೇ. ಜೇನಿನಲ್ಲಿ ಸಕ್ಕರೆಯಿಲ್ಲ, ಅದು ಔಷಧಿ ಎಂದು ಬರೆದ ಮಹಾನುಭಾವರು ನೀವೇ. ಮೈಸೂರಿನಿಂದ ಬರುವಾಗ ಬಸ್ಸಿನಲ್ಲಿ ಅವಳು ಒಂದೇ ಮಾತು ಆಡಿದಳು: "ನೀಲಿ ಬಂದಾಗ ನಿಮ್ಮ ಮೊಕ ನೋಡ್ಬೇಕಿತ್ತು ಕಣ್ರೀ. ಅಷ್ಟಕ್ಕೇ ಮಾಡ್ದೆ. ನಿಮಗೆ ಮೋಸ ಮಾಡ್ಬುಟ್ಟೆ."

ಇದನ್ನೆಲ್ಲ ಈಗ ಯಾಕೆ ಬರೆದೆನೆಂದರೆ, ನಿಮ್ಮ ಕಾಗದದಲ್ಲಿ ಒಂದು ಸಾಲಿದೆ. ಅಂಗಾಲು ಉರಿಯುತ್ತದೆ, ಬಚ್ಚಲಲ್ಲಿ ಮೂತ್ರ ಮಾಡಿದರೆ ಇರುವೆ ಮುತ್ತುತ್ತವೆ ಎಂದು ಬರೆದು, "ಮೈಸೂರಿಗೆ ಬರುವ ಮುಂಚೆ ಎರಡು ದಿನ ಬರೀ ಮಜ್ಜಿಗೆ ಕುಡಿದುಕೊಂಡು ಬರುತ್ತೇನೆ, ರಿಪೋರ್ಟ್ ಚೆನ್ನಾಗಿ ಬರಲಿ" ಎಂದಿದ್ದೀರಿ. ಅಣ್ಣ ತಂಗಿ ಮಾತಾಡಿಕೊಂಡಿರಲಿಲ್ಲ, ಆದರೂ ಅದೇ ಉಪಾಯ, ಅದೇ ಮಜ್ಜಿಗೆ.

ಹಾಗೆ ಬರಬೇಡಿ ಭಾವ. ದಿನವೂ ಉಣ್ಣುವುದನ್ನೇ ಉಂಡು ಬನ್ನಿ. ಡಾಕ್ಟರು ಹೇಳಿದಷ್ಟು ಹೊತ್ತು ಮಾತ್ರ ಹೊಟ್ಟೆ ಖಾಲಿ ಇರಲಿ. ಕೆಟ್ಟ ರಿಪೋರ್ಟ್ ಬಂದರೆ ಬರಲಿ, ಕಣ್ಣು ಇರುವಾಗ ಬಂದರೆ ಅದನ್ನು ಓದಲಾದರೂ ಆಗುತ್ತದೆ. ಹೋದ ಜೂನಿನಲ್ಲಿ ಅದೇ ಡಾಕ್ಟರು ಒಂದು ವಿಷಯ ಹೇಳಿದರು. ಹೊರದೇಶದಲ್ಲಿ ಹೊಸದಾಗಿ ಕಂಡುಕೊಂಡಿದ್ದಾರಂತೆ, ಸಕ್ಕರೆ ಕೆಂಪು ರಕ್ತಕಣಕ್ಕೆ ಅಂಟಿಕೊಂಡು ಎರಡು ಮೂರು ತಿಂಗಳು ಹಾಗೇ ಇರುತ್ತದಂತೆ. ಹಿಂದಿನ ದಿನ ಉಪವಾಸ ಮಾಡಿದರೂ ರಕ್ತ ಹಿಂದಿನದನ್ನು ಮರೆಯುವುದಿಲ್ಲವಂತೆ. ಆ ಪರೀಕ್ಷೆ ನಮ್ಮ ಕಡೆಗೆ ಇನ್ನೂ ಬಂದಿಲ್ಲ. ಆಗಲೇ ಬಂದಿದ್ದರೆ ಎಂದು ಜೂನಿನಿಂದ ನಾನು ಇನ್ನೊಂದು ಯೋಚನೆ ಮಾಡಿಲ್ಲ.

ಇಪ್ಪತ್ತೊಂಬತ್ತನೇ ತಾರೀಖು ಮಂಗಳವಾರದ ಬಸ್ಸಿಗೆ ಕೋಟೆ ಮಾರ್ಗವಾಗಿ ಇಲ್ಲಿಗೆ ಬಂದುಬಿಡಿ. ಬುಧವಾರ ಬೆಳಗಿನ ಮೊದಲ ಬಸ್ಸಿಗೆ ಮೂವರೂ ಮೈಸೂರಿಗೆ ಹೋಗೋಣ. ಕಣ್ಣು, ರಕ್ತ ಎರಡನ್ನೂ ತೋರಿಸೋಣ. ಬರುವಾಗ ಜೇನು ಬೇಡ.

ಅಕ್ಕನವರಿಗೆ ನಮಸ್ಕಾರ ತಿಳಿಸಿ. ಮಕ್ಕಳು ಮೊಮ್ಮಕ್ಕಳಿಗೆಲ್ಲ ನಮ್ಮಿಬ್ಬರ ಆಶೀರ್ವಾದ, ಎಲ್ಲರ ಕಣ್ಣೂ ಕೈಕಾಲೂ ಗಟ್ಟಿಯಾಗಿರಲಿ.

ಇಂತಿ ನಿಮ್ಮ
ಪುಟ್ಟಮಲ್ಲಪ್ಪ

ವಿ.ಸೂ.: ಇಲ್ಲಿಯವರೆಗೆ ಬರೆದದ್ದನ್ನು ಸುನಂದಳಿಗೆ ಓದಿ ಹೇಳಿದೆ. ಜೇನಿನ ಮಾತಿಗೆ ನಕ್ಕಳು. "ಮೋಸ ಮಾಡ್ಬುಟ್ಟೆ" ಎಂಬಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇದರ ಕೆಳಗಿನದನ್ನು ಅವಳಿಗೆ ಓದುವುದಿಲ್ಲ.

ಅರವತ್ತೊಂಬತ್ತರಲ್ಲಿ ಒಂದು ಶನಿವಾರ ಬಿಳಿಕೆರೆಯಲ್ಲಿ ನಾಮಕರಣವಿತ್ತು. ಬಲವಂತ ಮಾಡಿ ಒಬ್ಬಟ್ಟು ಬಡಿಸಿದ್ದರು. ಭಾನುವಾರ ಬೆಳಗ್ಗೆ ನಾನು ದೀಪ ಹಚ್ಚಿ ಕರೆದರೆ, "ಈ ವಾರ ಬ್ಯಾಡ ಬುಡಿ, ಒಪ್ಪತ್ತು ತಪ್ಪೋಯ್ತು" ಎಂದಳು. ಅಂದ ಮೇಲೆ ತಾನೇ ಹೆದರಿ ಒಳಗೆ ಹೋದಳು. ಲ್ಯಾಬಿನಲ್ಲಿ ಅಷ್ಟು ವರ್ಷ ಕೆಲಸ ಮಾಡಿದವನಿಗೆ ಇನ್ನೇನು ಬಿಡಿಸಿ ಹೇಳಬೇಕು? ಆ ಕ್ಷಣವೇ ಎಲ್ಲ ಗೊತ್ತಾಯಿತು. ದೀಪ ಆರಿಸಿದೆ. ಪರೀಕ್ಷೆ ಮಾಡದೆಯೇ ನೋಟ್‌ಬುಕ್ಕಿನಲ್ಲಿ "ನೀಲಿ" ಎಂದು ಬರೆದೆ. ಸಾಯಂಕಾಲ ಸೇತುವೆಗೆ ಕರೆದುಕೊಂಡು ಹೋದೆ.

ಆಮೇಲೆ ಐದು ವರ್ಷ ಭಾನುವಾರವೇ ದೀಪ ಹಚ್ಚಿದೆ. ಒಂದು ಬುಧವಾರ ಹಚ್ಚಿದ್ದರೆ ಸಾಕಿತ್ತು. ಇಟ್ಟಿಗೆ ಬಣ್ಣ ನೋಡುವ ಧೈರ್ಯ ನನಗೆ ಇರಲಿಲ್ಲ, ಮಲ್ಲಿಗೆ ತರುವ ಸುಖ ಬಿಡುವ ಮನಸ್ಸೂ ಇರಲಿಲ್ಲ. ಅವಳು ಈಗಲೂ ನನ್ನ ಕೈ ಹಿಡಿದುಕೊಂಡು ತಪ್ಪಾಯಿತು ಎನ್ನುತ್ತಾಳೆ. ನಾನು ಕೈ ಹಿಡಿಸಿಕೊಂಡು ಸುಮ್ಮನೆ ಕೂರುತ್ತೇನೆ. ನಾಲ್ಕು ವರ್ಷದಿಂದ ಹೀಗೇ ನಡೆದಿದೆ. ನೀವು ಬಂದ ದಿನ ನಿಮ್ಮೆದುರಿಗೇ ಅವಳಿಗೆ ಹೇಳಿಬಿಡುತ್ತೇನೆ. ಒಬ್ಬನೇ ಹೇಳಲಾರೆ, ಅದಕ್ಕಾದರೂ ಬನ್ನಿ.

ಈಗ ಕೇಳುತ್ತಿದ್ದಾಳೆ: "ಓದಿ ಮುಗೀತು ಅಂದ್ರಿ, ಇನ್ನೂ ಏನೋ ಬರೀತಾನೇ ಇದ್ದೀರಲ್ಲ. ನಿಬ್ಬಿನ ಸದ್ದು ಕೇಳ್ತದೆ."

ವಿಳಾಸ ಬರೆಯುತ್ತಿದ್ದೇನೆ ಎಂದೆ.