ಹೆಡ್‌ಫೋನಿನಲ್ಲಿ ಕೇಳಿಸಿದ್ದು

ಅಮ್ಮಾ,

ಇವತ್ತು ಹೆಡ್‌ಫೋನ್ ತಗೊಳ್ಳೋಕೆ ಹೋಗಿದ್ದೆ. ರೂಮ್‌ಮೇಟ್ ಗೊರಕೆಗೆ ಓದೋಕೇ ಆಗಲ್ಲ. ನಾನು ಬೇಡ ಬೇಡ ಅಂದ್ರೂ ಕೇಳದೆ ಅಂಗಡಿಯವರು ದೊಡ್ಡದೊಂದನ್ನು ನನ್ನ ತಲೆಗೇರಿಸಿ, "ಚೆನ್ನಾಗಿ ಗೊತ್ತಿರೋದನ್ನೇ ಹಾಕಮ್ಮ, ಆಗ್ಲೇ ವ್ಯತ್ಯಾಸ ತಿಳಿಯೋದು" ಅಂದ್ರು. ನನಗೆ ಬಾಯಿಪಾಠ ಆಗಿರೋದು ನೀನು ಹೋಗೋ ಮುಂಚೆ ಕಳಿಸಿದ ಕೊನೇ ವಾಯ್ಸ್ ಮೆಸೇಜ್ ಒಂದೇ. ಅದನ್ನೇ ಹಾಕಿದೆ.

"ನಂಗೇನಾಗಿದೆ ಪುಟ್ಟಿ, ಗುಂಡುಕಲ್ಲಿನ ಹಾಗಿದ್ದೀನಿ. ಪರೀಕ್ಷೆ ಮುಗಿಸ್ಕೊಂಡೇ ಬಾ."

ಅದರ ಹಿಂದೆ ಇನ್ನೊಂದು ದನಿ ಇದೆ, ಅಮ್ಮಾ. ಫೋನಿನಲ್ಲಿ ಯಾವತ್ತೂ ಕೇಳಿಸಿರಲಿಲ್ಲ. ಯಾರೋ ನರ್ಸ್, "ಮಾತು ಸಾಕು, ಆಕ್ಸಿಜನ್ ಹಾಕ್ಕೊಳ್ಳಿ" ಅಂತಾರೆ. ನೀನು ಪಿಸುಗುಡ್ತೀಯ: "ಶ್, ಮಗಳಿಗೆ ಕೇಳಿಸುತ್ತೆ."

"ಹೇಗಿದೆ? ಕ್ಲಿಯರ್ ಆಗಿದೆ ತಾನೇ?" ಅಂದ್ರು ಅಂಗಡಿಯವರು. ಹೂಂ ಅಂದೆ.

ನೀನು ಹೇಳಿದ ಹಾಗೇ ಅವತ್ತು ಪರೀಕ್ಷೆ ಮುಗಿಸ್ಕೊಂಡೇ ಬಂದೆನಲ್ಲ, ಅಮ್ಮಾ.