ಕೊನೆಯ ಉಂಡೆಯ ಸಾಲು

ಸವಣೂರು
೨೭ ಮೇ ೧೯೬೬

ಪ್ರೀತಿಯ ಮೂಕಾಂಬಿಕೆ,

ಈ ಕಾಗದದ ತಲೆಯಲ್ಲಿ ನಾನು ಶ್ರೀಕಾರ ಬರೆದಿಲ್ಲ. ನಮ್ಮ ಮನೆಯ ಕಾಗದಗಳನ್ನು ಓದಿ ಬೆಳೆದವಳು ನೀನು. ಮಡಿಕೆ ಬಿಡಿಸಿದ ಕೂಡಲೇ ನಿನ್ನ ಕಣ್ಣು ಅಲ್ಲಿಗೇ ಹೋಗಿರುತ್ತದೆ. ನಿಂತು ಓದುತ್ತಿದ್ದರೆ ಕೂತುಕೋ ಕೂಸೇ. ಕಾಲೇಜಿನ ಮೆಟ್ಟಿಲ ಮೇಲಿದ್ದರೆ ಇದನ್ನು ಮಡಚಿ ಚೀಲಕ್ಕೆ ಹಾಕು, ಕೋಣೆಗೆ ಹೋದ ಮೇಲೆ ತೆಗೆ.

ನಿನ್ನ ಅಜ್ಜಿ ತೀರಿಕೊಂಡರು. ಈ ತಿಂಗಳ ಮೂರನೇ ತಾರೀಕು ಬೆಳಗ್ಗೆ. ನರಳಲಿಲ್ಲ. ಹಿಂದಿನ ದಿನವಿಡೀ ಸ್ವಲ್ಪ ಉಬ್ಬಸ ಇತ್ತು, ಬೆಳಗ್ಗೆ ಕಾಫಿ ಬೇಕೆಂದರು, ನಾನು ತರುವಷ್ಟರಲ್ಲಿ ಗೋಡೆಗೆ ಒರಗಿದ್ದವರು ಹಾಗೆಯೇ ಇದ್ದರು. ಲೋಟ ಕೈಗೆ ಕೊಡಲು ಹೋದೆ. ಇದಕ್ಕಿಂತ ಹೆಚ್ಚು ಹೇಳಲು ಏನೂ ಇಲ್ಲ, ಏನನ್ನೂ ಮುಚ್ಚಿಟ್ಟಿಲ್ಲ.

ಇಷ್ಟು ದಿನ ಯಾಕೆ ತಿಳಿಸಲಿಲ್ಲ ಎಂದು ನೀನು ಕೇಳುತ್ತೀ. ಕೇಳಲೇಬೇಕು. ನಾನು ಮೊದಲ ದಿನವೇ ಕೇಳಿದ್ದೆ, ಕ್ರಿಯೆ ಎಲ್ಲ ಮುಗಿಯಲಿ ಎಂದರು.

ಅಜ್ಜಿಯ ಉತ್ತರಕ್ರಿಯೆ ಕಳೆದು, ಬೊಜ್ಜದ ಊಟ ಮುಗಿದು ಎಲ್ಲರೂ ಜಗಲಿಯಲ್ಲಿ ವೀಳ್ಯ ಹಾಕುತ್ತಿದ್ದಾಗ ನಿನ್ನ ಅಪ್ಪ ಮಾತು ತೆಗೆದ. ಮ್ಯಾಡ್ರಿಡ್ಡಿನಲ್ಲಿ ನಿನ್ನ ಎಂ.ಎ. ಮುಗಿಯುತ್ತಾ ಬಂದಿದೆ, ಜೂನ್ ಮೂರನೇ ವಾರದಲ್ಲಿ ಪ್ರಬಂಧದ ಮೇಲೆ ಐದು ಜನ ಪ್ರೊಫೆಸರರು ಎದುರಿಗೆ ಕೂತು ಪ್ರಶ್ನೆ ಕೇಳುತ್ತಾರೆ, ಈಗ ತಿಳಿಸಿದರೆ ಹೇಗೆ ಎಂದ. ಕ್ರಿಯೆ ಮಾಡಿಸಿದ ಭಟ್ಟರಿಗೆ ಉತ್ತರ ಬಾಯಲ್ಲೇ ಇತ್ತು. "ಸೂತಕ ಸತ್ತ ದಿನದಿಂದ ಅಲ್ಲ ತಿರುಮಲೇಶ್ವರಾ, ದೂರದವರಿಗೆ ಅದು ಕೇಳಿದ ಮೇಲೆ. ಕೇಳದವರಿಗೆ ಎಂತದ್ದೂ ಇಲ್ಲ. ಹತ್ತು ದಿನ ಕಳೆದು ಕೇಳಿದರೆ ಮೂರೇ ದಿನ. ಕೂಸಿನ ಪರೀಕ್ಷೆ ಮುಗಿಯಲಿ, ಮತ್ತೆ ತಿಳಿಸಿದರಾಯ್ತು." ಜಗಲಿಯಿಡೀ ತಲೆ ಆಡಿಸಿತು. ಯಾರೋ, "ಸೂತಕದಲ್ಲಿ ಪರೀಕ್ಷೆಗೆ ಕೂತರೆ ಪಾಸಾಗ್ತದಾ?" ಎಂದರು. ನಿನ್ನ ಅಪ್ಪನ ಮುಖದಲ್ಲಿ ಭಾರ ಇಳಿಸಿದವನ ಕಳೆ ಬಂತು.

ಶಾಸ್ತ್ರ ಹಾಗೆಯೇ ಉಂಟು, ನಾನೂ ಓದಿದ್ದೇನೆ. ದೂರದ ಊರಿನಲ್ಲಿದ್ದು, ತಿಳಿಯದೆ ಉಂಡು ನಕ್ಕವನ ಮೇಲೆ ದೋಷ ಬರಬಾರದು ಎಂದು ಕರುಣೆಯಿಂದ ಮಾಡಿದ ನಿಯಮ ಅದು. ಅದನ್ನೇ ಹಿಡಿದು ಒಬ್ಬಳಿಗೆ ತಿಳಿಯದ ಹಾಗೆ ಬಾಗಿಲು ಹಾಕುವುದಕ್ಕೆ ಯಾರು ಅಧಿಕಾರ ಕೊಟ್ಟರು? ಒಳಗಿನಿಂದಲೇ ಕೇಳಿದೆ. ಭಟ್ಟರು, "ರಾಜೀವಕ್ಕ ಓದುದು ಹೆಚ್ಚಾಯಿತು" ಎಂದರು. ಎಲ್ಲರೂ ನಕ್ಕರು. ಬೊಜ್ಜದ ಮನೆಯಲ್ಲಿ!

ನಿನಗೆ ಹೇಳದೆ ಉಳಿದದ್ದೊಂದು ಉಂಟು. ನಿನ್ನ ಅಜ್ಜ, ಎಂದರೆ ನನ್ನ ಅಪ್ಪ, ತೀರಿಕೊಂಡಾಗ ನಾನಿನ್ನೂ ಈ ಮನೆಗೆ ತಿರುಗಿ ಬಂದಿರಲಿಲ್ಲ, ಮದುವೆಯಾಗಿ ಪೆರಾಬೆಯಲ್ಲಿದ್ದೆ. ಆ ವಾರ ಅಲ್ಲಿ ನನ್ನ ಮೈದುನನ ಮದುವೆ. ಸವಣೂರಿನಿಂದ ನಮ್ಮ ಕೆಲಸದ ಗುರುವಪ್ಪ ಬಂದು ಅಂಗಳದ ಆಚೆ ನಿಂತದ್ದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಮಾವನವರು ಹೋಗಿ ಎರಡು ಮಾತಾಡಿದರು, ಅವನು ತಿರುಗಿ ಹೋದ. ಅವನು ಯಾಕೆ ಬಂದದ್ದೆಂದು ಕೇಳಿದರೆ, ಬಾಳೆಲೆ ಬೇಕಾ ಎಂದು ಕೇಳಲು ಬಂದದ್ದು ಎಂದರು. ನಾನು ನಂಬಿ ಹೋಳಿಗೆ ಬಡಿಸಿದೆ. ನಾದಿನಿಯರು ಎಂತದೋ ತಮಾಷೆ ಮಾಡಿದರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಹಾಗೆ ನಗುತ್ತಿದ್ದ ಹೊತ್ತಿನಲ್ಲಿ ಇಲ್ಲಿ ಅಪ್ಪನಿಗೆ ಬೆಂಕಿ ಕೊಟ್ಟಿದ್ದರು. ಆ ದಿನ ಅಡುಗೆಮನೆಗೆ ಒಂದು ಜನ ಕಡಿಮೆಯಾಗಬಾರದು ಎಂಬುದಷ್ಟೇ ಕಾರಣ. ಮದುವೆಯ ಚಪ್ಪರ ಬಿಚ್ಚಿ, ಹೊಸ ಸೊಸೆ ತವರಿಗೆ ಹೋಗಿ ಬಂದ ಮೇಲೆ ನನಗೆ ತಿಳಿಸಿದರು. ಬಾವಿಕಟ್ಟೆಯಲ್ಲಿ ತಲೆಗೆ ನೀರು ಹಾಕಿಸಿ, "ಆಯ್ತು, ಒಳಗೆ ಬಾ" ಎಂದರು. ಅಳಲು ಒಂದು ಮೂಲೆಯನ್ನೂ ಕೊಡಲಿಲ್ಲ. ಮೂವತ್ತಮೂರು ವರ್ಷವಾಯಿತು. ಅಪ್ಪನನ್ನು ನೆನೆದಾಗಲೆಲ್ಲ ಆ ನಗು ಮೊದಲು ಬರುತ್ತದೆ.

ನಿನಗೆ ಹಾಗಾಗಬಾರದು. ಆದರೂ ಪೆನ್ನು ಹಿಡಿಯಲು ಹೆದರಿಕೆ. ಈ ಪದವಿ ಎಷ್ಟು ಕಷ್ಟದಿಂದ ಕೈಗೆ ಬಂದದ್ದೆಂದು ನನಗೆ ಗೊತ್ತಿಲ್ಲವೇ? ಬೊಂಬಾಯಿಯಲ್ಲಿ ಸೋದರಮಾವನ ಮನೆಯಲ್ಲಿದ್ದು, ಬಿ.ಎ. ಓದುತ್ತಲೇ ಆ ಸ್ಪೇನಿನ ಪಾದ್ರಿಯವರಲ್ಲಿ ಭಾಷೆ ಕಲಿತೆ. ವಿದ್ಯಾರ್ಥಿವೇತನ ಸಿಕ್ಕಿದ ಸುದ್ದಿ ಬಂದಾಗ ಊರಿಗೆ ಊರೇ ಇಲ್ಲಿ ಬಂದು ಕೂತಿತು. ಜಾತಿ ಕೆಡಿಸುತ್ತಾರೆ ಎಂದವರೆಷ್ಟು, ನರ್ಸಿನ ಕೆಲಸಕ್ಕೆ ಕಳಿಸುತ್ತಿದ್ದಾರೆ ಎಂದವರೆಷ್ಟು. ಅವರ ಹೆಸರೆಲ್ಲ ನನಗೆ ನೆನಪುಂಟು. ನೆರೆಮನೆಯ ಬೋಜಪ್ಪ ಗೌಡರು ಮಾತ್ರ ನೇರವಾಗಿ ಅಜ್ಜಿಯನ್ನೇ ಕೇಳಿದರು: "ಅಲ್ಲ ದೇವಕಿಯಮ್ಮ, ಸ್ಪಾನಿಷ್ ಕಲಿತು ಎಂತ ಮಾಡುದು? ಪುತ್ತೂರು ಕೋರ್ಟಿನಲ್ಲಿ ಆ ಭಾಷೆಯ ಕೇಸು ಉಂಟಾ?" ಅಜ್ಜಿ ತಲೆ ಎತ್ತದೆ, "ನೀವು ಮನೆಯಲ್ಲಿ ಅರೆಭಾಷೆ, ಪೇಟೆಯಲ್ಲಿ ತುಳು, ನನ್ನ ಹತ್ತಿರ ಕನ್ನಡ. ಮೂರೂ ಕೋರ್ಟಿಗೆ ಬೇಕೂಂತ ಕಲಿತದ್ದಾ ಬೋಜಪ್ಪ?" ಎಂದರು. ಗೌಡರು ಗಟ್ಟಿಯಾಗಿ ನಕ್ಕು, "ಹಾಗಾದ್ರೆ ಕಳಿಸಿ ಮಾರಾಯ್ರೆ, ಮೂಕಾಂಬಿಕೆ ನಾಲ್ಕನೇದು ಕಲಿಯಲಿ" ಎಂದರು. ಬೊಜ್ಜದ ದಿನ ಜಗಲಿಯಲ್ಲಿ ತಲೆ ಆಡಿಸದೆ, ನಗದೆ ಕೂತಿದ್ದವರು ಅವರೊಬ್ಬರೇ.

ಇನ್ನು ನಿನ್ನ ಆ ಸಾಲಿನ ವಿಷಯ.

ಅಜ್ಜಿ ಹೋದ ಮೇಲೆ ನಿನ್ನ ಎರಡು ಕಾಗದ ಬಂದವು. ಸ್ಪೇನಿನ ಹಳ್ಳಿಯ ಹೆಂಗಸರು ಕೆಲಸ ಮಾಡುತ್ತಾ ಹಾಡುವ ಪದಗಳ ಪಕ್ಕದಲ್ಲಿ ನೀನು ನಮ್ಮ ಹಪ್ಪಳದ ಹಾಡನ್ನು ಇಟ್ಟಿದ್ದೀ, ಕೊನೆಯ ಸಾಲು ಇಲ್ಲದೆ ಅಧ್ಯಾಯ ಕುಂಟುತ್ತಿದೆ ಎಂದು ನಿನ್ನ ಗುರುಗಳು ಹೇಳಿದರು, ಅಜ್ಜಿಯಲ್ಲಿ ಕೇಳಿ ಬರೆಯಿರಿ ಎಂದು ಎರಡರಲ್ಲೂ ಇತ್ತು. ಎರಡನೆಯದರಲ್ಲಿ "ಅಜ್ಜಿ ಹಟ ಮಾಡಿದರೆ ನನ್ನ ಆಣೆ ಹಾಕಿ" ಎಂದು ಬರೆದಿದ್ದೆ. ಅದನ್ನು ಓದಿ ನಾನು ಹಿತ್ತಿಲಿಗೆ ಹೋದೆ.

ನಿನ್ನ ಅಪ್ಪ ಅಲ್ಲಿಗೂ ಬಂದ. "ಅಕ್ಕ, ಅಮ್ಮ ಸೌಖ್ಯ ಅಂತ ಬರೆ. ಆ ಸಾಲು ಎಂತಾದ್ರೂ ಒಂದು ನೀನೇ ಕಟ್ಟಿ ಹಾಕು. ಇಷ್ಟು ಓದ್ತೀ, ಒಂದು ಸಾಲು ಬರುದಿಲ್ವಾ? ಸ್ಪೇನಿನವರಿಗೆ ಎಂತ ಗೊತ್ತಾಗ್ತದೆ?" ನನಗೆ ಸಿಟ್ಟು ಬಂದದ್ದು ಆ ಕಡೆಯ ಮಾತಿಗೆ. ಅವರಿಗೆ ಗೊತ್ತಾಗುವುದಿಲ್ಲ, ನಿಜ. ನಿನಗೂ ಗೊತ್ತಾಗುವುದಿಲ್ಲ. ನೀನು ನಂಬಿ ಐದು ಜನರ ಎದುರು ನಿಂತು ಇದು ನನ್ನ ಅಜ್ಜಿಯ ಬಾಯಿಂದ ಬಂದದ್ದು ಎನ್ನುತ್ತೀ. ಪೆರಾಬೆಯವರು ನನ್ನ ಕೈಯಿಂದ ಹೋಳಿಗೆ ಬಡಿಸಿಸಿದ ಹಾಗೆಯೇ ಆಯಿತಲ್ಲ?

ಆ ಹಾಡಿನ ಕ್ರಮ ನಿನಗೆ ಗೊತ್ತು. ಹಲಸಿನ ಹಿಟ್ಟಿನ ಉಂಡೆಗಳನ್ನು ಎರಡು ಮಣೆಗಳ ನಡುವೆ ಒತ್ತುತ್ತಾ ಇರುವಷ್ಟು ಹೊತ್ತು ಹಾಡು ತಿರುಗಿ ತಿರುಗಿ ಬರುತ್ತದೆ. ಕೊನೆಯ ಸಾಲು ಬಾಯಿಗೆ ಬರುವುದು ಕೊನೆಯ ಉಂಡೆಗೆ ಮಾತ್ರ. ನಡುವೆ ಹೇಳಿದರೆ ಹಿಟ್ಟು ಹುಳಿಯುತ್ತದೆ ಎಂದು ಅಜ್ಜಿ ನಂಬಿದ್ದರು. ಆ ಹೊತ್ತಿಗೆ ಮಕ್ಕಳೆಲ್ಲ ಬೇಸರ ಬಂದು ಓಡಿರುತ್ತಿದ್ದಿರಿ. ನನ್ನನ್ನು ಒಲೆಗೆ ಬೆಂಕಿ ಹಾಕು ಎಂದು ಎಬ್ಬಿಸುತ್ತಿದ್ದರು. ಹೊಗೆಯ ನಡುವೆ ರಾಗದ ಬಾಲ ಮಾತ್ರ ನನಗೆ ಕೇಳಿಸುತ್ತಿತ್ತು. ಎಪ್ರಿಲಿನಲ್ಲಿ ನಿನ್ನ ಮೊದಲ ಪ್ರಶ್ನೆಯನ್ನು ನಾನು ಅವರಿಗೆ ಓದಿ ಹೇಳಿದ್ದೆ. "ಕೈ ಸುಮ್ಮನಿದ್ದರೆ ಪದ ಬರುದಿಲ್ಲ. ಈ ವರ್ಷದ ಹಪ್ಪಳ ಶುರು ಮಾಡುವ, ಕೊನೆಯ ಉಂಡೆಗೆ ನೀನು ಪೆನ್ನು ಹಿಡಿದು ಪಕ್ಕದಲ್ಲಿ ಕೂರು" ಎಂದರು. ಮತ್ತೆ, "ಅವಳ ಮೇಷ್ಟ್ರಿಗೆ ಅಷ್ಟು ಅರ್ಜೆಂಟಾದರೆ ಬಂದು ನಾಲ್ಕು ಹಪ್ಪಳ ಒತ್ತಲಿ" ಎಂದು ನಕ್ಕರು. ಹಲಸು ಬಲಿಯಲು ಇನ್ನೂ ಸ್ವಲ್ಪ ಇತ್ತು.

ನಿನ್ನೆ ನಾನೊಬ್ಬಳೇ ಕೂತೆ. ಹಲಸಿನ ಸೊಳೆ ಬೇಯಿಸಿ, ಕುಟ್ಟಿ, ಉಂಡೆ ಮಾಡಿ, ಬಾಳೆಲೆಗೆ ಎಣ್ಣೆ ಸವರಿ ಒತ್ತತೊಡಗಿದೆ. ಅಜ್ಜಿ ಹೇಳಿದ್ದು ಸರಿ. ಕೈ ಬಿಸಿಯಾದ ಹಾಗೆ ಮರೆತಿದ್ದ ಸಾಲುಗಳೂ ಬಂದವು. ಉಪ್ಪಿನಂಗಡಿಯಲ್ಲಿ ಎರಡು ಹೊಳೆ ಅಕ್ಕತಂಗಿಯರ ಹಾಗೆ ಕೂಡುವುದು, ಅಕ್ಕ ಕೇಳುವುದು:

ಬೆಟ್ಟ ಇಳಿದು ಬಂದ ತಂಗಿ, ಮಡಿಲಲ್ಲಿ ಎಂತ ತಂದೆ?
ಮಣ್ಣು ತಂದೆಯಾ, ಹೂವು ತಂದೆಯಾ, ತವರ ಸುದ್ದಿ ತಂದೆಯಾ?

ಇಲ್ಲಿಯವರೆಗೆ ನಿನ್ನ ಹತ್ತಿರವೂ ಉಂಟು. ಕೊನೆಯ ಉಂಡೆ ಕೈಗೆ ಬಂತು. ಒತ್ತಿದೆ. ತಂಗಿ ಎಂತ ಹೇಳಿದಳೋ, ನನ್ನ ಬಾಯಿಗೆ ಬರಲಿಲ್ಲ. ರಾಗ ಬಂತು, ಮಾತು ಬರಲಿಲ್ಲ.

ಅಷ್ಟರಲ್ಲಿ ನಿನ್ನ ಅಪ್ಪ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ನಾನು ಮಣೆ ಬಿಟ್ಟು ಏಳದೆಯೇ, "ನಾಳೆ ಪುತ್ತೂರಿಗೆ ಹೋಗಿ ಅವಳಿಗೆ ಕಾಗದ ಹಾಕುತ್ತೇನೆ, ನಿಜವನ್ನೇ ಬರೆಯುತ್ತೇನೆ" ಎಂದೆ. ಪೆರಾಬೆಯ ಆ ಕಥೆಯನ್ನೂ ಹೇಳಿದೆ. ಇಷ್ಟು ವರ್ಷ ಅವನಿಗೆ ಹೇಳಿರಲಿಲ್ಲ. ಅವನು ಕೆಳಗೆ ಕೂತ. "ಆ ದಿನ ಗುರುವಪ್ಪ ತಿರುಗಿ ಬಂದು, ಅಕ್ಕನಿಗೆ ಬರಲು ಆಗುದಿಲ್ಲಂತೆ ಎಂದ. ನಾನು ನಂಬಲಿಲ್ಲ. ಕತ್ತಲಾಗುವವರೆಗೆ ದಾರಿಯಲ್ಲೇ ಇದ್ದೆ. ನಿನ್ನ ಮೇಲೆ ಬಹಳ ವರ್ಷ ಕೋಪ ಇತ್ತು ಅಕ್ಕ" ಎಂದ. ಆಗ ಅವನಿಗೆ ಹದಿನಾಲ್ಕು ವರ್ಷ. ನನಗೂ ಇದು ಗೊತ್ತಿರಲಿಲ್ಲ.

ಇಂದು ಬೆಳಗ್ಗೆ ನಾನು ಬರೆಯಲು ಕೂತಾಗ ಅವನು ಹತ್ತಿರ ಬಂದು, ಗೋಡೆಯ ಕ್ಯಾಲೆಂಡರು ನೋಡುತ್ತಾ ಹೀಗೆ ಹೇಳಿದ. ಅವನ ಮಾತನ್ನೇ ಬರೆಯುತ್ತೇನೆ: "ಕೂಸು ಮೂರು ದಿನ ಪುಸ್ತಕ ಮುಟ್ಟುದು ಬೇಡ. ಯಾರ ಹತ್ತಿರವೂ ಮಾತಾಡುದು ಬೇಡ. ನಾಲ್ಕನೇ ದಿನ ತಲೆಗೆ ಮಿಂದು ಓದ್ಲಿಕ್ಕೆ ಶುರು ಮಾಡಲಿ. ದಿನ ಸಾಕಾಗ್ತದೆ, ನಾನು ನೋಡಿದೆ."

ಅದೇ ಶಾಸ್ತ್ರ, ಅವೇ ಮೂರು ದಿನ. ಅವನು ಅದನ್ನು ನಿನಗೆ ಕೊಡುತ್ತಿದ್ದಾನೆ, ತೆಗೆದುಕೋ. ಮೈಲಿಗೆಯ ಮಾತು ನಿನಗೆ ಬೇಡವೆಂದಾದರೆ ಬಿಡು. ಬಾಗಿಲು ಹಾಕಿ ಅಳಲಿಕ್ಕೆ ಎಂದು ತಿಳಿ. ನನಗೆ ಸಿಗದೆ ಹೋದದ್ದು ಅದು.

ಆ ಕೊನೆಯ ಸಾಲಿನ ಜಾಗ ಖಾಲಿ ಬಿಡು. ಅಂದಾಜು ಮಾಡಬೇಡ, ನನ್ನನ್ನೂ ಕೇಳಬೇಡ. ಹಾಡಿದವರ ಹೆಸರು ದೇವಕಿಯಮ್ಮ, ಊರು ಸವಣೂರು, ಈ ವರ್ಷದ ಹಪ್ಪಳಕ್ಕೆ ಮೊದಲೇ ತೀರಿಕೊಂಡರು ಎಂದು ಕೆಳಗೆ ಬರೆ. ಗುರುಗಳು ಅಂಕ ಕಡಿದರೆ ಕಡಿಯಲಿ. ನೀನು ಎದ್ದು ಆ ಐದು ಜನರ ಎದುರು ಹೋಗಿ ಕೂತೆ ಎಂದು ತಿಳಿಯುವವರೆಗೆ ದಿನವೂ ಅಂಚೆಯವನನ್ನು ಅಂಗಳದಲ್ಲೇ ತಡೆದು ಕೇಳುತ್ತೇನೆ. ಗೆದ್ದರೂ ಸೋತರೂ ಎರಡು ಸಾಲು ಬರೆ, ಇದ್ದದ್ದನ್ನು ಇದ್ದ ಹಾಗೆ.

ಅಜ್ಜಿ ತಲೆಯ ಮೇಲೆ ಇಡುತ್ತಿದ್ದ ಕೈಯ ಬದಲಿಗೆ ಸದ್ಯಕ್ಕೆ ನನ್ನ ಕೈ ಎಂದು ತಿಳಿ. ಹಪ್ಪಳದ ಎಣ್ಣೆ ಇನ್ನೂ ಹೋಗಿಲ್ಲ. ಧೈರ್ಯವಾಗಿರು ಕೂಸೇ.

ನಿನ್ನ ದಾರಿ ನೋಡುವ
ರಾಜೀವಿ ಅತ್ತೆ